ತೊಳೆದಿಟ್ಟ ಬ್ಲೂಬೆರ್ರಿ

ಕಳೆದ ವಾರ ಫ್ರಿಜ್ಜಿನ ಮೂಲೆಯಲ್ಲಿ ಮರೆತುಹೋಗಿದ್ದ ಬ್ಲೂಬೆರ್ರಿ ಡಬ್ಬಿಯ ಮುಚ್ಚಳ ತೆಗೆದೆ. ಹುಳಿ ಬಂದ ಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಡಬ್ಬಿಯನ್ನು ಕಸಕ್ಕೆ ಹಾಕಿ ಕೈ ತೊಳೆದುಕೊಂಡೆ. ಆದರೆ ಅದರ ಹಿಂದೆಯೇ ಬಂದ ಆ ಅಂಕಲ್‌ನ ನೆನಪು ಹಾಗೆ ಹೋಗಲಿಲ್ಲ...

ಕಾಲೇಜು ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯಲ್ಲಿ ದುಡಿದು ಸುತ್ತಾಡಲು ಕೊಡುವ ವೀಸಾದಲ್ಲಿ ವರ್ಷಗಳ ಹಿಂದೆ ನಾನು ಮೈಸೂರಿನಿಂದ ಅಮೆರಿಕಕ್ಕೆ ಬಂದಿದ್ದೆ. ಧಾರವಾಡದ ಹುಡುಗಿಯೊಬ್ಬಳು ಜೊತೆಯಾದಳು. ಬೆನ್ನಿಗೆ ಬ್ಯಾಗು ಹಾಕಿಕೊಂಡು ಕೆಲಸ ಹುಡುಕುತ್ತ ಇಬ್ಬರೂ ಕ್ರ್ಯಾನ್‌ಬರಿ ಎಂಬ ಊರಿನ ಗೋದಾಮುಗಳ ಆಚೆಗಿದ್ದ ಬ್ಲೂಬೆರ್ರಿ ತೋಟ ಸೇರಿದೆವು. ಕೊಯ್ಲು ಮುಗಿದ ಮೇಲೆ ನ್ಯೂಯಾರ್ಕ್ ಬೀದಿಗಳಲ್ಲಿ ಕಾಲು ಸೋಲುವವರೆಗೆ ನಡೆಯಬೇಕೆಂಬುದು ಅವಳ ಒಂದೇ ಆಸೆ. ಅಲ್ಲಿಯವರೆಗೆ ಕೆಲಸ ಉಳಿಯಬೇಕಿತ್ತು. ತಪ್ಪು ಮಾಡಿ ಕೆಲಸ ಕಳೆದುಕೊಂಡರೆ ನಮ್ಮನ್ನು ಕರೆಸಿದ್ದ ಏಜೆನ್ಸಿ ನೇರ ಊರಿಗೆ ಕಳಿಸುತ್ತಿತ್ತು.

ಅಂಕಲ್ ಅಲ್ಲಿನ ಸೂಪರ್‌ವೈಸರ್. ಬೆಂಗಳೂರಿನವರು, ಮನೆ ಪಕ್ಕದ ಊರು ಪ್ಲೇನ್ಸ್‌ಬರೋದಲ್ಲಿ. ದೊಡ್ಡ ಕೊಡೆಯ ಕೆಳಗೆ ಮಡಿಸುವ ಕುರ್ಚಿ ಹಾಕಿಕೊಂಡು, ಬಿಳಿ ಶೂ ಮಣ್ಣಾಗದಂತೆ ಕಾಲು ಎತ್ತಿಟ್ಟುಕೊಂಡು, ನಮ್ಮ ಬುಟ್ಟಿಗಳಿಂದ ದಪ್ಪ ಹಣ್ಣು ಆರಿಸಿ ತಿನ್ನುತ್ತಿದ್ದರು. ಆ ಮನುಷ್ಯ ಗಿಡಕ್ಕೆ ಬಾಗಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. "ನಾನಿದ್ದೀನಲ್ಲಮ್ಮ, ಡೋಂಟ್ ವರಿ" ಎಂಬ ಮಾತು ಮಾತ್ರ ಬಾಯಲ್ಲಿ ಸದಾ ಸಿದ್ಧ.

ತೋಟದ ಒಡತಿ ಅಮೆರಿಕನ್ ಹೆಂಗಸು. ಇಬ್ಬನಿ ಆರಿದ ಮೇಲೆಯೇ ಕೀಳಬೇಕು, ಹಣ್ಣಿನ ಮೇಲಿನ ಬಿಳಿ ಪುಡಿ ಒರೆಸಬಾರದು, ನೀರು ತಾಗಿಸಬಾರದು ಎಂದು ಮೊದಲ ದಿನವೇ ಹೇಳಿದ್ದರು. ಆ ಪುಡಿ ಹಣ್ಣು ತಾನೇ ಹೊದ್ದುಕೊಳ್ಳುವ ಪೊರೆ; ಅದು ಹೋದರೆ ಹಣ್ಣು ಬೇಗ ಕೆಡುತ್ತದೆ.

ಒಂದು ಶುಕ್ರವಾರ ಅಂಕಲ್‌ಗೆ ತಮ್ಮ ಪರಿಚಯದವರ ಗೃಹಪ್ರವೇಶಕ್ಕೆ ಹಣ್ಣಿನ ಆರ್ಡರ್ ಬಂತು. ಬಾಕ್ಸುಗಳನ್ನೆಲ್ಲ ನಲ್ಲಿಯ ಹತ್ತಿರ ತರಿಸಿದರು. "ದೇವರ ಮುಂದೆ ಇಡೋದು, ಚೆನ್ನಾಗಿ ತೊಳಿ. ನೋಡು, ಎಷ್ಟು ಕೆಮಿಕಲ್ ಹೊಡೆದಿದ್ದಾರೆ!" ಎಂದು ಧಾರವಾಡದವಳಿಗೆ ಹೇಳಿದರು. ನಾನು ಪಕ್ಕದಲ್ಲೇ ಲೇಬಲ್ ಅಂಟಿಸುತ್ತಿದ್ದೆ.

"ತೊಳದ್ರ ಕೆಡ್ತಾವಂತ ಮೇಡಂ ಹೇಳ್ಯಾರಲ್ರಿ ಅಂಕಲ್?"

"ನನಗೇ ಫಾರ್ಮಿಂಗ್ ಹೇಳ್ಕೊಡ್ತೀಯಾ? ಮನೇಲಿ ನಿಮ್ಮಮ್ಮ ಹಣ್ಣು ತೊಳೀದೇನೇ ಪೂಜೆಗೆ ಇಡ್ತಾರಾ?"

ಅವಳು ತೊಳೆದಳು. ಒದ್ದೆ ಹಣ್ಣನ್ನೇ ಮುಚ್ಚಿ, ಬಿಸಿ ಶೆಡ್ಡಿನಲ್ಲಿ ಇಡಿಸಿದವರೂ ಅವರೇ.

ಭಾನುವಾರ ಗೃಹಪ್ರವೇಶದ ಮನೆಯವರು ಬಂದು ಮುಚ್ಚಳ ತೆಗೆದಾಗ ಹಣ್ಣು ಬೂಷ್ಟು ಹಿಡಿದು ನಾರುತ್ತಿತ್ತು. ತೊಳೆದವರು ಯಾರೆಂದು ಒಡತಿ ಕೇಳಿದರು. ಅಂಕಲ್ ತಡವರಿಸಲೂ ಇಲ್ಲ. "ಶಿ ಡಿಡ್ ಇಟ್. ಐ ಟೋಲ್ಡ್ ಹರ್ ನಾಟ್ ಟು" ಎಂದರು. ಆಮೇಲೆ ಅವಳ ಕಡೆ ತಿರುಗಿ, ಒಡತಿಗೆ ಅರ್ಥವಾಗದ ನಮ್ಮ ಕನ್ನಡದಲ್ಲಿ, ನಗುನಗುತ್ತಲೇ ಹೇಳಿದರು: "ಸುಮ್ನಿರಮ್ಮ. ನೀನಿನ್ನೂ ಚಿಕ್ಕವಳು, ಎಷ್ಟೋ ಛಾನ್ಸ್ ಬರುತ್ತೆ. ನನಗೆ ಮನೆ, ಮಕ್ಕಳ ಸ್ಕೂಲು ಎಲ್ಲಾ ಇದೆ."

ಭಾಷೆಯನ್ನು ಇಷ್ಟು ನೀಚವಾಗಿ ಬಳಸಿದವರನ್ನು ನಾನು ಬೇರೆ ಕಂಡಿಲ್ಲ.

ಕಂಡದ್ದನ್ನು, ಕೇಳಿದ್ದನ್ನು ನಾನು ಒಡತಿಗೆ ಒಂದೂ ಬಿಡದೆ ಹೇಳಿದೆ. "ದೇ ಆರ್ ರೂಮ್‌ಮೇಟ್ಸ್" ಎಂದು ಅಂಕಲ್ ಭುಜ ಕುಣಿಸಿದರು. ಅಷ್ಟೇ ಸಾಕಾಯಿತು. ವರ್ಷಗಳಿಂದ ಇದ್ದ ಸೂಪರ್‌ವೈಸರ್ ಉಳಿದರು.

ಅವಳು ಬ್ಯಾಗು ಕಟ್ಟುವಾಗ ಅಂಕಲ್ ಒಂದು ಬಾಕ್ಸ್ ಹಿಡಿದು ಬಂದರು. "ದಾರಿಗೆ ಇರಲಿ ತಗೋ, ಬೇಜಾರು ಮಾಡ್ಕೋಬೇಡ."

ಅವಳು ಮುಚ್ಚಳ ಎತ್ತಿ ನೋಡಿ, "ಇದನ್ನ ತೊಳದೀರೇನ್ರಿ ಅಂಕಲ್?" ಎಂದಳು. ಬಾಕ್ಸನ್ನು ಅವರ ಬಿಳಿ ಶೂಗಳ ಪಕ್ಕ ನೆಲದ ಮೇಲಿಟ್ಟು ಏಜೆನ್ಸಿಯ ಕಾರು ಹತ್ತಿದಳು.

ಮುಂದೆ ನಾನು ಓದಿಗೆಂದು ಇಲ್ಲಿಗೇ ಮರಳಿ ಬಂದೆ. ಈಗ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ಸಂಸಾರ. ಅಂಕಲ್ ತೀರಿಕೊಂಡ ಸುದ್ದಿ ಚಳಿಗಾಲದಲ್ಲಿ ಬಂತು. ಎಷ್ಟು ಮಕ್ಕಳಿಗೆ ದಾರಿ ತೋರಿಸಿದರು ಎಂದು ಇಲ್ಲಿನ ಕನ್ನಡಿಗರ ಗ್ರೂಪಿನಲ್ಲಿ ಎಲ್ಲರೂ ಬರೆದರು, ಕೈಮುಗಿದ ಚಿತ್ರ ಹಾಕಿದರು. ನಾನು ಏನೂ ಹಾಕಲಿಲ್ಲ. ಅವರಿಗಾಗಿ ನನ್ನಲ್ಲಿ ಒಂದು ಹನಿ ದುಃಖವೂ ಇಲ್ಲ.

ಇರುವ ದುಃಖವೆಲ್ಲ ಅವಳಿಗಾಗಿ. ಅವಳ ನಂಬರಿಗೆ ಈಗ ಬೇರೆ ಯಾರೋ ಉತ್ತರಿಸುತ್ತಾರೆ... ನಾನು ವಾರಕ್ಕೆರಡು ದಿನ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತೇನೆ. ಬಸ್ ಇಳಿದ ಮೇಲೆ ಆಫೀಸಿಗೆ ಸಬ್‌ವೇ ರೈಲು ಇದೆ. ನಾನು ನಡೆದೇ ಹೋಗುತ್ತೇನೆ.