ಅಕ್ಕನ ಕೈಯಲ್ಲಿ ನನ್ನ ಹೆಸರು

ಓಣಿಯಲ್ಲೆಲ್ಲ ಬಾಯಿಬಡುಕನೆಂದು ಹೆಸರಾದ ನಾನು ಒಬ್ಬಳೊಂದಿಗೆ ಮಾತ್ರ ಮಹಾಜಿಪುಣನಾಗಿದ್ದೆ. ಅವಳು ನನ್ನ ಅಕ್ಕ ಸಿದ್ದಮ್ಮ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳದು. ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನಾದರೂ ಅವಳ ಕೈಮಾತನ್ನು ನನ್ನಷ್ಟು ಚೆನ್ನಾಗಿ ಓದುವವರು ಮನೆಯಲ್ಲಿ ಇರಲಿಲ್ಲ. ಹಾಗಾಗಿ ನಾನೇ ಅವಳ ದುಭಾಷಿ. ಬಹಳ ಸೋಮಾರಿ ದುಭಾಷಿ.

ಅಕ್ಕನ ಕೈಯಲ್ಲಿ ಎಲ್ಲದಕ್ಕೂ ಹೆಸರಿತ್ತು. ಮೀಸೆ ತಿರುವಿದರೆ ಅಪ್ಪ. ಎರಡು ಬೆರಳು ಕತ್ತರಿಯಾದರೆ ನಮ್ಮ ಹಳ್ಳಿ ಅರಕೇರಾ. ಅಲ್ಲಿ ನಾವು ಕುರಿಯ ಉಣ್ಣೆ ಕತ್ತರಿಸುತ್ತಿದ್ದೆವು. ಅಪ್ಪ ಕುರಿ ಮಾರಿ ಹತ್ತಿ ಮಿಲ್ಲಿನ ಕೂಲಿಗೆಂದು ನಮ್ಮನ್ನು ರಾಯಚೂರಿಗೆ ಕರೆತಂದ ಮೇಲೆ, ಮುಷ್ಟಿಗಳು ಗಾಲಿಯಂತೆ ತಿರುಗಿದರೆ ರಾಯಚೂರು, ರೈಲಿನ ಊರು. ಅಂಗಡಿಯವನ ತೆಲುಗು ಬೆರೆತ ಉರ್ದು ತಿಳಿಯದೆ ನಾವು ಬೆಪ್ಪಾಗಿ ನಿಂತರೆ, ಅಕ್ಕ ಕೈಯಾಡಿಸಿ ಬೇಳೆ ಬೆಲ್ಲ ಕಟ್ಟಿಸಿಕೊಂಡು ಬರುತ್ತಿದ್ದಳು. ಹೊಸ ಊರಿಗೆ ಮೊದಲು ಹೊಂದಿಕೊಂಡವಳು ಅವಳೇ.

ಆದರೆ ಮನೆಯಲ್ಲಿ ನಾಲ್ಕು ಜನ ಕೂತು ನಕ್ಕರೆ ಅವಳು ನನ್ನ ತೋಳು ಜಗ್ಗುತ್ತಿದ್ದಳು: ಏನಂತೆ? ನಾನು ಅಂಗೈ ಕೆಳಗೆ ಮಾಡಿ ಗಾಳಿಯನ್ನು ಎರಡು ಸಲ ತಟ್ಟುತ್ತಿದ್ದೆ. ಆಮೇಲೆ ಹೇಳುತ್ತೇನೆ ಎಂದರ್ಥ. ಹೇಳಿದ್ದು ನನಗೆ ನೆನಪಿಲ್ಲ. ಬಸ್ಸು ಹೊರಟಾಗ ಕಿಟಕಿಯ ಆಚೆಗಿನವರಿಗೆ ಊರಿನ ಸುದ್ದಿಯನ್ನೆಲ್ಲ ಕೈಯಲ್ಲೇ ಒಪ್ಪಿಸುವವರು ನಾವು. ಪಕ್ಕದಲ್ಲೇ ಕೂತವಳಿಗೆ ಹೇಳಲು ಬೇಸರ.

ತುರ್ತು ಪರಿಸ್ಥಿತಿ ಮುಗಿದ ವರ್ಷ ಅಕ್ಕನಿಗೆ ಮಾನ್ವಿಯಿಂದ ವರ ಬಂದರು. ಹೆಂಡತಿ ತೀರಿಕೊಂಡಿದ್ದಳು, ಎರಡು ಮಕ್ಕಳು, ಅಕ್ಕಿ ಗಿರಣಿಯಲ್ಲಿ ಕೆಲಸ. ನಾನು ಅಕ್ಕನನ್ನು ಎತ್ತು ಮಾರುವವನ ಹಾಗೆ ಹೊಗಳಿದೆ. ಬಾಗಿಲಲ್ಲಿ ನಿಂತ ಅಕ್ಕ ಇವರು ಯಾರೆಂದು ಕೈಯಲ್ಲಿ ಕೇಳಿದಳು. ಗಾಳಿ ತಟ್ಟಿದೆ. ಎಲೆ ಅಡಿಕೆ ಹಿಡಿಯುವ ಮೊದಲು ವರ ತಡೆದರು.

"ಆಕಿನ್ನ ಕೇಳೀರೇನ್ರಿ?"

"ಕೇಳೀವ್ರಿ. ಒಪ್ಯಾಳ," ಎಂದೆ.

ಅಕ್ಕನಿಗೆ ವಿಷಯ ತಿಳಿದದ್ದು ಧಾರೆಸೀರೆ ಮನೆಗೆ ಬಂದಾಗ. ಅವಳು ಅತ್ತಳು. ಬಣ್ಣ ಚೆನ್ನಾಗಿದೆ ಎಂದು ನಾನು ಕೈಯಲ್ಲಿ ಹೇಳಿದೆ. ಆ ಕೈಗೆ ಈಗಲೂ ನಾಚಿಕೆಯಾಗುತ್ತದೆ.

ಪುಣ್ಯಕ್ಕೆ ಅಕ್ಕನ ಗಂಡ, ನನ್ನ ಮಾವ, ಒಳ್ಳೆಯವರು. ಗಿರಣಿಯ ಗದ್ದಲದಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುವುದರಿಂದ ಅವರ ಕೈ ಮೊದಲೇ ಪಳಗಿತ್ತು. ಮಕ್ಕಳೂ ಕಲಿತವು. ಕೆಲವೇ ವರ್ಷಗಳಲ್ಲಿ ಆ ಮನೆಯ ಕೈಮಾತು ಎಷ್ಟು ಚುರುಕಾಯಿತೆಂದರೆ, ಹೋದಾಗಲೆಲ್ಲ ಅರ್ಧ ತಿಳಿಯದೆ ಹಲ್ಲು ಕಿರಿಯುತ್ತ ಕೂತಿರುವವನು ನಾನೇ.

ಒಮ್ಮೆ ನನ್ನನ್ನು ಅಂಗಳದಲ್ಲಿ ಕಂಡ ಕಿರಿಯ ಮಗಳು, ಒಳಗಿದ್ದ ಅಕ್ಕನತ್ತ ತಿರುಗಿ ಗಾಳಿಯನ್ನು ಎರಡು ಸಲ ತಟ್ಟಿದಳು. ಅದೇನೆಂದು ಕೇಳಿದೆ.

"ನಿನ್ನ ಹೆಸರು ಮಾಮಾ. ಅವ್ವ ಹಂಗ ಕರೀತಾಳ. ನಿನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ, ವರ ನೋಡಲು ಬಂದ ದಿನ ಆಡಿದ ಮಾತನ್ನೆಲ್ಲ ಅಕ್ಕನಿಗೆ ಕೈಯಲ್ಲಿ ಹೇಳಿದೆ. ಹೊಗಳಿದ್ದು, ಮಾವ ಕೇಳಿದ್ದು, ನಾನು ಸುಳ್ಳಾಡಿದ್ದು. ಅಕ್ಕನ ಕಣ್ಣು ನನ್ನನ್ನು ಬಿಟ್ಟು ಗಂಡನತ್ತ ಹೋಯಿತು. ತನ್ನನ್ನು ಕೇಳದೆ ಮದುವೆ ನಿಶ್ಚಯಿಸಿದವರಲ್ಲಿ ಇವರೂ ಒಬ್ಬರೆಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ಅವಳು ಒಪ್ಪಿಯೇ ಬಂದಳೆಂದು ಅವರು ತಿಳಿದಿದ್ದರು. ನೀನು ಕೇಳಿದ್ದೆಯಾ, ಎಂದಿತು ಅವಳ ಕೈ. ಮಾವ ಮದುಮಗನಂತೆ ನಾಚಿ ಹೌದೆಂದು ತಲೆಯಾಡಿಸಿದರು.

ಅಕ್ಕ ಎದ್ದು ತುಪ್ಪದ ಡಬ್ಬಿ ತಂದು ಗಂಡನ ರೊಟ್ಟಿಯ ಮೇಲೆ ಹರಿಯುವಷ್ಟು ಸುರಿದಳು. ಡಬ್ಬಿ ನನ್ನ ತಟ್ಟೆಯನ್ನು ದಾಟಿ ಒಳಗೆ ಹೋಯಿತು.

ನಾನು ಪುಂಡಿಪಲ್ಯ ಹಚ್ಚಿಕೊಂಡು ಒಣರೊಟ್ಟಿ ತಿಂದೆ. ಒಂದಲ್ಲ, ಮೂರು ತಿಂದೆ.