ಖಾಲಿ ಕೊಡಬಾರದ ಬಾಟಲಿ

ಮೊನ್ನೆ ಬೆಳಿಗ್ಗೆ ರಂಗೋಲಿ ಹಾಕೋಕೆ ಅಂತ ಬಾಗಿಲು ಗುಡಿಸ್ತಿದ್ದಾಗ ಕಾಡುಬಾದಾಮಿಯ ಒಣಗಿದ ಎಲೆಯೊಂದು ಪೊರಕೆಗೆ ಸಿಕ್ಕಿತು. ಅಂಗೈಗಿಂತ ದೊಡ್ಡದು, ಕಂದುಗೆಂಪು. ಇಬ್ಬನಿಗೆ ನೆನೆದು ಹಳೇ ಟೀಪುಡಿಯ ವಾಸನೆ ಬರ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ಆಂಟಿ ನೆನಪಾದರು. ಅವರು ನೆನಪಾದರೆ ನನ್ನ ಹೊಟ್ಟೆಯೊಳಗೆ ಸಣ್ಣಗೆ ಉರಿಯೋದು ಮೊದಲಿಂದಲೂ ವಾಡಿಕೆ. ಮೊನ್ನೆಯೂ ಉರೀತು.

ನಾವು ವಿಜಯನಗರದ ಈ ಮನೆಗೆ ಬಂದಾಗ ಮಾವ ತೀರಿಕೊಂಡು ವರ್ಷವಾಗಿತ್ತು. ಅತ್ತೆ ನಗೋದನ್ನೇ ಬಿಟ್ಟಿದ್ದರು. ನನ್ನ ಮೇಲೆ ಸಿಟ್ಟೇನಿಲ್ಲ, ಸುಮ್ಮನೆ ಮೌನ. ನಾನು ಮಾಡದ ಸರ್ಕಸ್ಸಿಲ್ಲ. ಅವರಿಗೆ ಇಷ್ಟ ಅಂತ ಒತ್ತು ಶಾವಿಗೆ ಒತ್ತಿ, ಕಾಯಿಹಾಲು ಮಾಡಿ, ಬಡಿಸಿ, ಮುಖ ನೋಡ್ತಾ ಕೂರ್ತಿದ್ದೆ. 'ಹೂಂ, ಚೆನ್ನಾಗದೆ' ಅಂದು ಕೈ ತೊಳೆದುಬಿಡೋರು. ಇವರನ್ನ ಒಂದು ಸಲವಾದರೂ ನಗಿಸಬೇಕು ಅನ್ನೋದು ನನಗೆ ಹಟವೇ ಆಗಿಹೋಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ನಡುಮನೆ ಒರೆಸ್ತಾ ಇದ್ದೀನಿ, ಎದುರುಮನೆಯಿಂದ ಅತ್ತೆಯ ನಗು ಕೇಳಿಸ್ತು. ಬಾಯ್ತುಂಬಾ ನಗು! ಒದ್ದೆ ಬಟ್ಟೆ ಕೈಯಲ್ಲೇ ಹಿಡ್ಕೊಂಡು ಓಡಿದೆ.

ಎದುರುಮನೆ ಆಂಟಿ ಕಡಕೊಳದ ಒಂದು ಫ್ಯಾಕ್ಟರಿಯಲ್ಲಿ ಕ್ಯಾಂಟೀನ್ ನೋಡಿಕೊಂಡಿದ್ದು ರಿಟೈರ್ ಆದವರು. ಒಂಟಿ ಜೀವ. ಟೀವಿ ಪಕ್ಕದಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಒಂದೇ ಒಂದು ನೀಲಿ ಬೆಟ್ಟಾ ಮೀನು... ಅಂಗಡಿಯವರು ಫೈಟರ್ ಅಂತಾರಲ್ಲ, ಅದು. ಗಾಜಿಗೆ ಅಂಟಿಕೊಂಡು ನಾಲ್ಕಾರು ಬಸವನಹುಳು. ಆಂಟಿ ಕೈಗನ್ನಡಿ ಹಿಡಿದಿದ್ದರು. ಮೀನು ತನ್ನ ಮುಖ ತಾನೇ ಕಂಡು, ಇನ್ಯಾವುದೋ ಗಂಡು ಬಂತು ಅಂತ ರೆಕ್ಕೆ ಬಾಲ ಎಲ್ಲಾ ಬಿಚ್ಚಿ, ಕಿವಿರು ಉಬ್ಬಿಸಿ ಜಗಳಕ್ಕೆ ನಿಂತಿತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗ್ತಾ ಇದ್ದರು.

ಅವತ್ತಿಂದ ಊಟ ಆದ ತಕ್ಷಣ ಅತ್ತೆ ರಸ್ತೆ ದಾಟೋರು. ಪಕ್ಕದ ಬೀದಿಯಲ್ಲಿ ಮೊಟ್ಟೆ ಬೇಯಿಸಿದರೆ ನಮ್ಮನೆ ಕಿಟಕಿ ಹಾಕಿಸೋ ಹೆಂಗಸು, ವಿಭೂತಿ ಹಚ್ಚುವ ಅದೇ ಬೆರಳಲ್ಲಿ ಒಣಗಿದ ಹುಳ ಎತ್ತಿ ಆ ಮೀನಿಗೆ ಹಾಕೋರು. ಬಸವನಹುಳುವಿಗೆ ಬೇಯಿಸಿದ ಸೌತೆಕಾಯಿ ಬಿಲ್ಲೆ ಬೇರೆ. ಮೈಲಿಗೆ ಆಗಲ್ವಾ ಅತ್ತೆ ಅಂತ ಕೇಳಿದ್ದಕ್ಕೆ, ಬಸವಣ್ಣನ ಹೆಸರಿಟ್ಟುಕೊಂಡಿರೋ ಹುಳಕ್ಕೆ ಎಂಥ ಮೈಲಿಗೆ ಅಂತ ನನ್ನನ್ನೇ ಗದರಿದರು. ನನಗೆ ಮೈಯೆಲ್ಲಾ ಉರಿದುಹೋಯ್ತು.

ನಾನೇನು ಕಮ್ಮಿ? ಲಷ್ಕರ್ ಮೊಹಲ್ಲಾದ ಅಂಗಡಿಗೆ ಹೋಗಿ ಅವರದಕ್ಕಿಂತ ದೊಡ್ಡ ತೊಟ್ಟಿ, ಬಣ್ಣಬಣ್ಣದ ಕಲ್ಲು, ಲೈಟು, ಕೆಂಡದಂಥ ಕೆಂಪು ಮೀನು ತಂದೆ. ಆಂಟಿ ತೊಟ್ಟಿಯೊಳಗೆ ಬೀದಿಯ ಬಾದಾಮಿ ಎಲೆ ಹಾಕಿರೋರು. ನೀರೆಲ್ಲಾ ಡಿಕಾಕ್ಷನ್ ಬಣ್ಣ. ನಾನು ಗುಡಿಸಿ ಎಸೆಯೋ ಎಲೆ ಅದು! ನನ್ನ ತೊಟ್ಟಿ ಅಂದರೆ ಫಳಫಳ ಹೊಳೀತಿತ್ತು. ಪ್ರತಿ ಶುಕ್ರವಾರ ದೇವರ ಪಾತ್ರೆ ಬೆಳಗಿ, ಹೊಸ್ತಿಲು ತೊಳೆದು, ಅದೇ ಮಡಿಯಲ್ಲಿ ತೊಟ್ಟಿಯ ನೀರನ್ನೂ ಪೂರ್ತಿ ಚೆಲ್ಲಿ, ಕಲ್ಲುಗಳನ್ನ ತಿಕ್ಕಿ ತೊಳೆದು, ನಲ್ಲಿ ನೀರು ತುಂಬ್ತಿದ್ದೆ. ಅತ್ತೆ ಬಂದು ನೋಡಿದರು. ಚೆನ್ನಾಗದೆ ಅಂದರು. ರಸ್ತೆ ದಾಟಿದರು.

ಮೀನು ರೆಕ್ಕೆ ಮುದುರಿಕೊಂಡು ತಳದಲ್ಲಿ ಮಲಗಿತು, ಆಮೇಲೆ ಸತ್ತೇಹೋಯ್ತು. ಇನ್ನೊಂದು ತಂದೆ, ಅದೂ ಅಷ್ಟೇ. ಆಂಟಿಯನ್ನ ಕೇಳೋದಾ? ಪ್ರಾಣ ಹೋದರೂ ಇಲ್ಲ.

ಅತ್ತೆ ಹೇಳಿರಬೇಕು, ಆಂಟಿಯೇ ಬಂದರು. ಕೈಯಲ್ಲಿ ಉಪ್ಪಿನಕಾಯಿಯ ಗಾಜಿನ ಬಾಟಲಿ. ಒಳಗೆ ಆ ಕಂದು ನೀರು, ಒಂದು ಹಿಡಿ ಪಾಚಿಗಟ್ಟಿದ ಕಲ್ಲು, ಎರಡು ಬಸವನಹುಳು.

"ಮೊಸರಿಗೆ ಹೆಪ್ಪು ಹಾಕಲ್ವೇನಮ್ಮ, ಅಂಗೇ ಕಣಮ್ಮ ಇದೂವೆ. ಹಳೇದು ಒಂಚೂರು ಉಳಿಸ್ಕೋಬೇಕು. ಎಲ್ಲಾ ತೊಳೆದ್ಬುಟ್ರೆ ಮೀನು ಎಂಗೆ ಬದುಕ್ತದೆ?"

ಹಲ್ಲು ಕಚ್ಚಿಕೊಂಡೇ ಅದನ್ನೆಲ್ಲಾ ನನ್ನ ತೊಟ್ಟಿಗೆ ಸುರಿದು, ಅವರು ಹೇಳಿದಂಗೆ ಮಾಡಿದೆ. ಬಸವನಹುಳು ಬದುಕಿದವು, ಮರಿಯೂ ಮಾಡಿದವು. ಮೀನು ತರೋ ಮನಸ್ಸು ಮಾತ್ರ ಬರಲಿಲ್ಲ.

ಬಾಟಲಿ ನಮ್ಮನೆಯಲ್ಲೇ ಉಳಿಯಿತು. ನಮ್ಮ ಕಡೆ ಇನ್ನೊಬ್ಬರ ಮನೆಯಿಂದ ಬಂದ ಪಾತ್ರೆಯನ್ನ ಬರಿದಾಗಿ ವಾಪಸ್ ಕೊಡೋ ಹಾಗಿಲ್ಲ, ಏನಿಲ್ಲ ಅಂದರೂ ಒಂದು ಚಮಚ ಸಕ್ಕರೆಯಾದರೂ ಹಾಕಬೇಕು. ಇವರಿಗೆ ಏನು ಹಾಕಿ ಕೊಡೋದು? ಬರೀ ಸಕ್ಕರೆ ಹಾಕಿದರೆ ನಾನು ಸೋತಂಗೆ. ಚಕ್ಕುಲಿ ಹಾಕೋಣ ಅಂದರೆ, ಕ್ಯಾಂಟೀನ್ ನಡೆಸಿದ ಕೈ ಅವರದು, ನನ್ನ ಚಕ್ಕುಲಿ ಅವರ ಮುಂದೆ ನಿಲ್ಲುತ್ತಾ... ಇವತ್ತು ನಾಳೆ ಅಂತ ಬಾಟಲಿ ಕಪಾಟಿನಲ್ಲೇ ಕೂತಿತು.

ಒಂದು ಬೆಳಿಗ್ಗೆ ಆಂಟಿ ಏಳಲೇ ಇಲ್ಲ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಕಾರ್ಯ ಎಲ್ಲಾ ಮುಗಿದ ಮೇಲೆ ಅವರ ತಮ್ಮ ಮನೆ ಖಾಲಿ ಮಾಡ್ತಾ, ಈ ಮೀನು ಯಾರಿಗಾದರೂ ಬೇಕಾ ಅಂತ ರಸ್ತೆಯಲ್ಲಿ ನಿಂತು ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ಅವಸರಕ್ಕೆ ಕೈಗೆ ಸಿಕ್ಕಿದ್ದು ಆ ಬಾಟಲಿಯೇ. ಅದರಲ್ಲಿ ಏನೂ ಹಾಕದೆ, ಬರೀ ಬಾಟಲಿ ಹಿಡ್ಕೊಂಡು ಹೋದೆ. ವಾಪಸ್ ಬರುವಾಗ ಅದರೊಳಗೆ ನೀಲಿ ಮೀನಿತ್ತು. ಹೋಗಿಬಿಟ್ಟ ಮೇಲೂ ಅವರು ನನ್ನನ್ನ ಬರಿಗೈಲಿ ಕಳಿಸಲಿಲ್ಲ.

ಆಮೇಲೆ ಅತ್ತೆ ಮಧ್ಯಾಹ್ನವೆಲ್ಲಾ ನಮ್ಮನೆ ತೊಟ್ಟಿಯ ಮುಂದೆಯೇ ಕೂತರು. ನನಗೆ ಬೇಕಾಗಿದ್ದು ಇದೇ ತಾನೇ? ನಾನು ಕೈಗನ್ನಡಿ ತಂದು ಹಿಡಿದೆ. ಮೀನು ಪೂರ್ತಿ ರೆಕ್ಕೆ ಬಿಚ್ಚಿ ನಿಂತಿತು.

"ಅವಳು ಕನ್ನಡೀನ ಇಷ್ಟು ಹತ್ರ ಹಿಡೀತಿರ್ಲಿಲ್ಲ" ಅಂದರು ಅತ್ತೆ. ನಗಲಿಲ್ಲ.

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅಂತಾರೆ. ನಾನು ಪಟ್ಟೆ. ಹೋಗುವಾಗ ಆ ನಗುವನ್ನೂ ಕಟ್ಟಿಕೊಂಡು ಹೋದರಲ್ಲ ಅಂತ ಅವರ ಮೇಲೆ ಸಿಟ್ಟೂ ಬಂತು. ಕಾಲ ಕಳೆದಂಗೆ ಆ ಮೀನೂ ವಯಸ್ಸಾಗಿ ಸತ್ತುಹೋಯ್ತು. ಈಗ ತೊಟ್ಟಿಯಲ್ಲಿರೋದು ಬಸವನಹುಳುಗಳ ಸಂಸಾರ ಮಾತ್ರ.

ಮೊನ್ನೆ ಸಿಕ್ಕ ಎಲೆಯನ್ನ ಯಾಕೋ ಎಸೆಯಲಿಲ್ಲ. ತೊಳೆದು ತೊಟ್ಟಿಗೆ ಬಿಟ್ಟೆ. ನಿನ್ನೆ ಸಂಜೆ ಹೊತ್ತಿಗೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅತ್ತೆ ನಿದ್ದೆಯಿಂದ ಎದ್ದು ಬಂದು ಬಗ್ಗಿ ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಅವರ ಮುಖದಲ್ಲಿ... ನಗು ಅನ್ನೋ ಹಾಗಿಲ್ಲ, ಆದರೆ ಅದರ ಹತ್ತಿರದ್ದು.

"ಅವಳ ಮನೆ ನೀರಿನಂಗೇ ಆಯ್ತು ಕಣೇ" ಅಂದರು.

ಇಷ್ಟು ವರ್ಷದಲ್ಲಿ ಅತ್ತೆ ನನ್ನನ್ನ ಮನಸಾರೆ ಹೊಗಳಿದ್ದು ಅದೊಂದೇ, ಅದರಲ್ಲೂ ಅರ್ಧ ಪಾಲು ಆಂಟಿಗೆ. ಹೊಟ್ಟೆ ಉರೀತು. ಆದರೂ ಓಡಿಹೋಗಿ ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿ, ಕಪಾಟಿನಿಂದ ಆ ಬಾಟಲಿ ತೆಗೆದು, ನಾಲ್ಕು ಮರಿ ಬಸವನಹುಳು ಹಾಕಿಕೊಂಡು ಗೇಟಿನ ತನಕ ಹೋಗಿಬಿಟ್ಟಿದ್ದೆ. ಎದುರುಮನೆ ಅಂಗಳದಲ್ಲಿ ಈಗ ಬಾಡಿಗೆಗಿರೋ ಯಾರದೋ ಸ್ಕೂಟರ್ ನಿಂತಿತ್ತು.