ಪೂಜೆಗೆ ಇಡದ ತೋಪಡ

ಬೆಳಿಗ್ಗೆ ಅಮ್ಮ ಕುಂಕುಮದ ಬಟ್ಟಲು ಹಿಡಿದು ಮನೆಯೆಲ್ಲ ಸುತ್ತುತ್ತಿದ್ದಳು. ಸ್ಕೂಟರು, ಮಿಕ್ಸಿ, ಈಳಿಗೆಮಣೆ, ನನ್ನ ಲ್ಯಾಪ್‌ಟಾಪು ಎಲ್ಲಕ್ಕೂ ಇಟ್ಟಾದ ಮೇಲೆ, "ಮೇಷ್ಟ್ರ ತೋಪಡ ಎಲ್ಲಿ, ತಾ" ಎಂದಳು. ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದನ್ನು ಬಿಚ್ಚಿದೆ. ಎಣ್ಣೆ ಮತ್ತು ತೇಗದ ವಾಸನೆ ಒಟ್ಟಿಗೇ ಬಂತು. ಮರ ಕೀಸಿ ನಯ ಮಾಡುವ ಉಜ್ಜುಗೊರಡನ್ನು ಮೇಷ್ಟ್ರು ತೋಪಡ ಎನ್ನುತ್ತಿದ್ದರು, ಅದೇ ಹೆಸರು ನನ್ನ ಬಾಯಲ್ಲೂ ಉಳಿದಿದೆ. ಅದರ ಹಿಡಿಯ ಬುಡದಲ್ಲೊಂದು ಬಿರುಕಿದೆ. ಬಿರುಕಿನ ಒಳಗೆ ಕೆಂಪಗೆ ಹಳೆಯ ಕುಂಕುಮ. ಒರೆಸಿದರೆ ಬರುವುದಿಲ್ಲ. ಒರೆಸುವುದನ್ನು ನಾನು ಬಿಟ್ಟು ಬಹಳ ದಿನವಾಯಿತು.

"ಇದನ್ನ ಪೂಜೆಗೆ ಇಡಲ್ಲಮ್ಮ" ಎಂದೆ.

"ಗೊತ್ತು ಕಣೇ. ಆದ್ರೂ ಕೇಳ್ಬೇಕು ಅನ್ಸುತ್ತೆ, ಕೇಳ್ತೀನಿ" ಎಂದು ಅಮ್ಮ ಫ್ರಿಜ್ಜಿನ ಕಡೆ ಹೋದಳು.

ಮೇಷ್ಟ್ರು ಕುವೆಂಪುನಗರದ ನಮ್ಮ ಕ್ರಾಸಿನ ಕೊನೆಯ ಮನೆಯವರು. ಶಾಲೆಯೊಂದರಲ್ಲಿ ಮರಗೆಲಸದ ಕ್ರಾಫ್ಟ್ ಪೀರಿಯಡ್ ತೆಗೆದುಕೊಳ್ಳುತ್ತಿದ್ದವರು. ಆ ಪೀರಿಯಡ್ಡನ್ನೇ ಶಾಲೆಯವರು ತೆಗೆದುಹಾಕಿದ ಮೇಲೆ ಕೆಲವು ವರ್ಷ ಡ್ರಾಯಿಂಗ್ ಕಲಿಸಿ, ನಿವೃತ್ತರಾಗಿ, ಮನೆಯ ಕಾರ್ ಶೆಡ್ಡಿನಲ್ಲಿ ಒಂದು ಕೆಲಸದ ಮೇಜು ಹಾಕಿಕೊಂಡಿದ್ದರು. ಕಾರು ಇರಲಿಲ್ಲ. ಭಾನುವಾರ ಬೆಳಿಗ್ಗೆ ಬೀದಿಯ ಮಕ್ಕಳಲ್ಲಿ ಯಾರು ಬಂದರೂ ಕಲಿಸುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಾವು ಐದು ಜನ ತಪ್ಪದೆ ಹೋಗುತ್ತಿದ್ದೆವು. ಕರೆಂಟಿನ ಯಾವ ಮೆಷಿನ್ನೂ ಅಲ್ಲಿರಲಿಲ್ಲ. ಗರಗಸ, ಉಳಿ, ಕೊಡತಿ, ಮೂಲೆಮಟ್ಟ, ತೋಪಡ, ಇಷ್ಟೇ.

ನನಗೆ ಆಗಲೇ ದಿನಚರಿಯ ಹುಚ್ಚು. ಯಾವ ಭಾನುವಾರ ಯಾರು ಬಂದರು, ಏನು ಮಾಡಿದೆವು, ಯಾರು ಬೆರಳು ಕೊಯ್ದುಕೊಂಡರು, ಎಲ್ಲವನ್ನೂ ಬರೆದಿಡುತ್ತಿದ್ದೆ. ಮೇಷ್ಟ್ರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. "ಬಾಮ್ಮ ಲೆಕ್ಕದಮ್ಮ" ಎನ್ನುತ್ತಿದ್ದರು.

ಮೊದಲ ತಿಂಗಳೆಲ್ಲ ಅವರು ಕಲಿಸಿದ್ದು ಒಂದೇ ಪಾಠ. ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರೆ, ಗರಗಸವಾಗಲಿ ತೋಪಡವಾಗಲಿ ಗೆರೆಯ ಹೊರಗೇ ನಿಲ್ಲಬೇಕು, ಗೆರೆ ಮರದ ಮೇಲೆ ಉಳಿದಿರಬೇಕು. "ಗೆರೆ ಉಳಿಸಿ ಕಣ್ರೋ. ಉಳಿದಿದ್ದನ್ನ ಆಮೇಲೂ ತೆಗೀಬಹುದು. ತೆಗೆದ್ಬುಟ್ರೆ ಯಾರಪ್ಪ ಅಂಟಿಸ್ತಾನೆ?" ಕೆಲಸ ಮುಗಿದ ಹಲಗೆಯನ್ನು ಬೆಳಕಿಗೆ ಹಿಡಿದು ಗೆರೆ ಹುಡುಕುತ್ತಿದ್ದರು. ಕಾಣದಿದ್ದರೆ ಹಲಗೆ ವಾಪಸ್. ಎದುರುಮನೆಯ ಚೇತನ ತನ್ನ ಸ್ಟೂಲಿನ ಒಂದು ಕಾಲಿನ ಗೆರೆ ತಿಂದುಹಾಕಿದ್ದ. "ಸಾರ್, ಇದು ಡ್ಯಾನ್ಸ್ ಮಾಡ್ತದೆ" ಎಂದ. "ಸ್ಕೂಲ್ ಡೇನಲ್ಲಿ ನೀನು ಮಾಡಿದ್ದಕ್ಕಿಂತ ವಾಸಿ ಬುಡು" ಎಂದು ಒಳಗಿನಿಂದ ಅಜ್ಜಿಯ ದನಿ ಬಂತು.

ಅಜ್ಜಿ ಎಂದರೆ ಮೇಷ್ಟ್ರ ಹೆಂಡತಿ. ಅಡುಗೆಮನೆಯ ಕಿಟಕಿ ಶೆಡ್ಡಿಗೇ ತೆರೆಯುತ್ತಿದ್ದರಿಂದ ನಮ್ಮ ಕ್ಲಾಸಿನಲ್ಲಿ ಅವರಿಗೂ ಪಾಲಿತ್ತು. ಮೇಷ್ಟ್ರು ಗದರಿದರೆ ಕಿಟಕಿಯಿಂದ ಕೋಡುಬಳೆ ಬರುತ್ತಿತ್ತು.

ಮೇಷ್ಟ್ರ ಇನ್ನೊಂದು ನಿಯಮ ಆಯುಧಪೂಜೆಯದು. ಹತಾರಗಳನ್ನೆಲ್ಲ ತೊಳೆದು, ಎಣ್ಣೆ ಹಚ್ಚಿ, ಶೆಡ್ಡಿನಲ್ಲಿ ಸಾಲಾಗಿ ಜೋಡಿಸಿ, ಕುಂಕುಮ ಸೇವಂತಿಗೆ ಇಟ್ಟರೆ ಮುಗಿಯಿತು. ಮಾರನೆಯ ದಿನ ವಿಜಯದಶಮಿಯ ಪೂಜೆಯಾಗುವ ತನಕ ಒಂದನ್ನೂ ಕದಲಿಸುವಂತಿಲ್ಲ. ಒಂದು ವರ್ಷ ಆ ದಿನ ನಾನು ಪೆನ್ಸಿಲ್ ಹೆರೆಯಲು ಬ್ಲೇಡು ಕೇಳಿದ್ದೆ. ಜೇಬಿನಿಂದ ತಮ್ಮ ಪೆನ್ನು ತೆಗೆದು ಕೊಟ್ಟರು. "ವರ್ಷೆಲ್ಲ ನಮ್ ಕೈಲಿ ದುಡೀತವೆ. ಒಂದಿನ ಹೂ ಮುಡ್ಕೊಂಡು ಕೂತಿರ್ಲಿ" ಎಂದರು.

ನನ್ನ ಎಂಟನೇ ಕ್ಲಾಸಿನ ವರ್ಷ, ಮಳೆಗಾಲದ ಕೊನೆಯಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಕೀಲು ಮುರಿದಿತ್ತು. ಬೀದಿಯ ನಾಲ್ಕು ಗಂಡಸರು ಸೇರಿ ಅವರನ್ನು ಜಮಖಾನದಲ್ಲಿ ಮಲಗಿಸಿ, ನಾಲ್ಕು ಮೂಲೆ ಹಿಡಿದು, ಮುಂಬಾಗಿಲಿನಿಂದ ಹೊರಗೆ ತಂದರು. ನಾವು ಗೇಟಿನ ಹತ್ತಿರ ನಿಂತು ನೋಡಿದೆವು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು…

ಮುಂದಿನ ಭಾನುವಾರ ಮೇಷ್ಟ್ರು ಕ್ಷೌರವಿಲ್ಲದ ಮುಖದಲ್ಲಿ ಬಂದರು. ಆಪರೇಷನ್ ಆಗಿದೆ, ದಸರಾ ಕಳೆದ ಮೇಲೆ ಮನೆಗೆ ಕಳಿಸುತ್ತಾರೆ, ಕೆಲವು ತಿಂಗಳು ವೀಲ್ ಚೇರು ಎಂದರು. ಆಮೇಲೆ, "ನಿಮ್ಮಜ್ಜಿ ಒಂದೇ ಮಾತು ಹಿಡ್ಕೊಂಡವ್ಳೆ. ಹೋಗುವಾಗ ಹೊತ್ಕೊಂಡ್ ಹೋದ್ರಿ, ಬರುವಾಗ ಹೊತ್ಕೊಂಡ್ ಬರಬೇಡಿ, ನನ್ನ ಮನೆ ಬಾಗಿಲಲ್ಲಿ ಹೆಣದಂಗೆ ಬರಲ್ಲ ಅಂತಾಳೆ" ಎಂದರು.

ಆ ಬಾಗಿಲಿಗೆ ಎತ್ತರದ ಒಂದು ಮೆಟ್ಟಿಲು, ಅದರ ಮೇಲೆ ದಪ್ಪ ಹೊಸ್ತಿಲು. ಗಾಲಿ ಕುರ್ಚಿ ಅದನ್ನು ದಾಟಲು ಇಳಿಜಾರಾಗಿ ಕೂರುವ ಮರದ ರ‍್ಯಾಂಪು ಬೇಕಿತ್ತು. ಮೇಷ್ಟ್ರು ಅಟ್ಟದಿಂದ ಹಳೆಯ ತೇಗದ ಮಂಚದ ಹಲಗೆಗಳನ್ನು ಇಳಿಸಿ, ಬಾಗಿಲನ್ನು ಅಳೆದು, ಐದು ಹಲಗೆಗಳಿಗೂ ತಾವೇ ಗೆರೆ ಎಳೆದು, ತಲಾ ಒಂದರಂತೆ ನಮಗೆ ಒಪ್ಪಿಸಿದರು. ಐದೂ ಪಕ್ಕಪಕ್ಕ ಕೂತರೆ ಬಾಗಿಲ ಚೌಕಟ್ಟಿನ ಒಳಗೆ ಸರಿಯಾಗಿ ಸೇರುವ ಲೆಕ್ಕ.

ಅವರು ಆಸ್ಪತ್ರೆಗೆ ಓಡಾಡುತ್ತಿದ್ದಾಗ ನಾವು ದಸರಾ ರಜೆಯಲ್ಲಿ ದಿನವೂ ಕೀಸಿದೆವು. ಅಷ್ಟು ಶ್ರದ್ಧೆಯಿಂದ ನಾವು ಹಿಂದೆಂದೂ ಕೆಲಸ ಮಾಡಿರಲಿಲ್ಲ. ಚೇತನ ಕೂಡ ಎರಡು ಅಂಚಲ್ಲೂ ಗೆರೆ ಉಳಿಸಿದ. ಅಡ್ಡಪಟ್ಟಿ ಕೊಟ್ಟು ಸ್ಕ್ರೂ ಹಾಕಿ ಗೋಡೆಗೆ ಒರಗಿಸಿದೆವು. ಮೇಷ್ಟ್ರು ಒಂದು ಸಂಜೆ ಬಂದು ಅದರ ಮೈಮೇಲೆ ಅಂಗೈ ಆಡಿಸಿ, "ಹಬ್ಬ ಕಳೀಲಿ, ಕೂರಿಸೋಣ" ಎಂದರು.

ಹಬ್ಬ ಕಳೆಯಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ನಾವು ಶೆಡ್ಡಿನಲ್ಲಿ ಕಡ್ಲೆಪುರಿ ತಿನ್ನುತ್ತಿದ್ದಾಗ ನಾವೆಲ್ಲ ಅಕ್ಕ ಎನ್ನುತ್ತಿದ್ದ ಮೇಷ್ಟ್ರ ಮಗಳ ಫೋನು ಬಂತು. ನಾಳೆ ಜಂಬೂ ಸವಾರಿ, ಅರಮನೆಯ ಸುತ್ತಿನ ರಸ್ತೆಯೆಲ್ಲ ಬಂದ್, ಇವತ್ತೇ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಕಾರು ಗೇಟಿನ ಮುಂದೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅಜ್ಜಿ, ತಲೆಗೆ ಮಲ್ಲಿಗೆ.

ನಾವು ಐವರೂ ರ‍್ಯಾಂಪು ಎತ್ತಿ ತಂದು ಬಾಗಿಲಿಗೆ ಹಿಡಿದೆವು. ಒಳಗೆ ಹೋಗಲಿಲ್ಲ. ಓರೆ ಮಾಡಿ ಹಿಡಿದೆವು, ಆಗಲೂ ಹೋಗಲಿಲ್ಲ. ಒಂದು ಕಿರುಬೆರಳಿನಷ್ಟು ಅಗಲ ಹೆಚ್ಚಾಗಿತ್ತು. ಮೇಷ್ಟ್ರು ಬಗ್ಗಿ ಹಲಗೆಯ ಅಂಚುಗಳನ್ನು ನೋಡಿದರು. ಪ್ರತಿ ಅಂಚಿನಲ್ಲೂ ಅವರೇ ಎಳೆದ ಗೆರೆ, ಅಳಿಸದೆ, ಅಚ್ಚುಕಟ್ಟಾಗಿ ಉಳಿದಿತ್ತು. ಗೆರೆಯ ಆಚೆ ಕೂದಲೆಳೆಯಷ್ಟು ಮರ. ಐದು ಹಲಗೆಯ ಎಲ್ಲ ಅಂಚುಗಳ ಕೂದಲೆಳೆ ಸೇರಿ ಆ ಕಿರುಬೆರಳಾಗಿತ್ತು.

ಚೇತನನ ಕಣ್ಣಲ್ಲಿ ನೀರು ಬಂದಿತ್ತು. "ಸಾರ್, ನಾವು ನೀವ್ ಹೇಳ್ದಂಗೇ…" ಎಂದ.

"ಹೌದಪ್ಪ, ನಾನ್ ಹೇಳ್ದಂಗೇ ಮಾಡಿದ್ದೀರ. ಕೊನೇಲಿ ಒಟ್ಟಿಗೆ ಇಟ್ಟು ತೆಗೀಬೇಕು ಅನ್ನೋದನ್ನ ನಾನು ಹೇಳ್ಲೇ ಇಲ್ಲ" ಎಂದರು ಮೇಷ್ಟ್ರು. ಆಮೇಲೆ ಶೆಡ್ಡಿನ ಕಡೆ ತಿರುಗಿ ನೋಡಿದರು. ಹತಾರಗಳೆಲ್ಲ ಹೂ ಮುಡಿದು ಕೂತಿದ್ದವು.

"ಅಪ್ಪ, ನಾಲ್ಕು ಜನ ಹಿಡ್ಕೊಂಡ್ರೆ ಎರಡು ನಿಮಿಷದ ಕೆಲ್ಸ" ಎಂದರು ಅಕ್ಕ, ತಗ್ಗಿದ ದನಿಯಲ್ಲಿ.

ಅಜ್ಜಿಗೆ ಕೇಳಿಸಿತ್ತು. ಕಾರಿನ ಕಿಟಕಿಯಿಂದಲೇ, "ಏನ್ರೀ, ನಿಮ್ಮ ತೋಪಡಕ್ಕೆ ಇವತ್ತು ರಜಾನಾ?" ಎಂದರು.

ಮೇಷ್ಟ್ರು ಹಲಗೆಯ ಅಂಚಿನ ಗೆರೆಯ ಮೇಲೆ ಬೆರಳು ಆಡಿಸಿದರು.

"ಆಯ್ತು ಬುಡಿ. ನಾಳೆ ಪೂಜೆ ಆಗೋವರ್ಗೂ ನಾನೂ ಇಲ್ಲೇ ಕೂತಿರ್ತೀನಿ. ಊಟ ಕಾರಿಗೇ ಕಳ್ಸಿ. ಹೋಳಿಗೆಗೆ ತುಪ್ಪ ಜಾಸ್ತಿ ಹಾಕ್ಸಿ."

ನಮಗೆ ನಗು ಬಂತು. ಮೇಷ್ಟ್ರು ನಗಲಿಲ್ಲ. ಅಜ್ಜಿಯೂ ನಗುತ್ತಿರಲಿಲ್ಲ ಎಂಬುದು ಆಮೇಲೆ ಕಾಣಿಸಿತು. ಒಂದು ಕೈ ಕಾರಿನ ಬಾಗಿಲನ್ನು ಬಿಗಿಯಾಗಿ ಹಿಡಿದಿತ್ತು. ಹೊತ್ತುಕೊಂಡು ಹೋಗಲು ಬಂದರೆ ಆ ಕೈ ಬಿಡುವಂತೆ ಕಾಣಲಿಲ್ಲ.

ಮೇಷ್ಟ್ರು ಚಪ್ಪಲಿ ಬಿಟ್ಟು ಶೆಡ್ಡಿಗೆ ಹೋದರು. ಹತಾರಗಳ ಮುಂದೆ ಕೈ ಮುಗಿದು ನಿಂತರು. ಏನು ಹೇಳಿಕೊಂಡರೋ ಕೇಳಿಸಲಿಲ್ಲ. ತೋಪಡ ಎತ್ತಿಕೊಂಡು ಬಂದರು, ಹೂ ಕುಂಕುಮ ಒರೆಸದೆ. ರ‍್ಯಾಂಪನ್ನು ಒಂದು ಅಂಚು ಮೇಲಾಗಿ ನಿಲ್ಲಿಸಿ ಹಿಡಿದುಕೊಳ್ಳಲು ಹೇಳಿ, ಬಾಗಿಲಿಗೆ ಸೇರಬೇಕಾದ ತುದಿಯ ಕಡೆ ಒಂದು ಸಲ ಉದ್ದಕ್ಕೆ ಎಳೆದರು. ಆಸ್ಪತ್ರೆಯಲ್ಲಿ ನಿದ್ದೆಗೆಟ್ಟಿದ್ದರು, ತೋಪಡ ಹಿಡಿತ ತಪ್ಪಿ ಮರದ ಮೇಲೆ ಕುಪ್ಪಳಿಸಿತು. ಅವರು ಅದನ್ನು ನನ್ನ ಕೈಗೆ ಕೊಟ್ಟರು.

ನಾನು ಹಿಂಜರಿದೆ.

"ತಗೋಮ್ಮ ಲೆಕ್ಕದಮ್ಮ. ಮೊದಲ್ನೇದು ನಾನು ಎಳ್ದಾಯ್ತು. ಪಾಪ ಗೀಪ ಇದ್ರೆ ನನ್ನ ಲೆಕ್ಕಕ್ಕೆ ಬರ್ಕೋ. ಗೆರೆ ತಿನ್ನು, ಪೂರ್ತಿ ತಿನ್ನು."

ಕೀಸಿದೆ. ಕುಂಕುಮ ಬೆವರಿಗೆ ಕರಗಿ ಅಂಗೈಗೆ ಅಂಟಿತು, ಹಿಡಿಯ ಬಿರುಕಿಗೆ ಇಳಿಯಿತು. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಬಾಗಿಲ ರಂಗೋಲಿಯ ಮೇಲೆ ಬೀಳುತ್ತಿತ್ತು. ಒಂದು ಅಂಚಾದ ಮೇಲೆ ಮಗುಚಿ ಇನ್ನೊಂದು. ಮೂರನೆಯ ಸಲ ಹಿಡಿದಾಗ ರ‍್ಯಾಂಪು ಚೌಕಟ್ಟಿನೊಳಗೆ ಉಸಿರು ಬಿಟ್ಟಂತೆ ಕೂತಿತು.

ಅಕ್ಕ ಕಾರಿನಿಂದ ಗಾಲಿ ಕುರ್ಚಿ ಇಳಿಸಿ ಅಜ್ಜಿಯನ್ನು ಕೂರಿಸಿದರು. ಮೇಷ್ಟ್ರೇ ಕುರ್ಚಿ ತಳ್ಳಿದರು. ಹೊಸ್ತಿಲ ಹತ್ತಿರ ಅಜ್ಜಿ ಕೈ ಎತ್ತಿ ನಿಲ್ಲಿಸಿದರು. ಬಗ್ಗಲಾಗದೆ, ಚೌಕಟ್ಟನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡರು. "ನಡೀರಿ, ಹಾಲಿಗೆ ಹೆಪ್ಪು ಹಾಕಿದ್ದೀರೋ ಇಲ್ವೋ ನೋಡ್ಬೇಕು" ಎಂದರು. ಗಾಲಿ ಒಳಗಿಳಿಯಿತು.

ಮುಂದಿನ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ಅದೇ ಬಾಗಿಲಿನಿಂದ, ಈ ಸಲ ಅವರನ್ನು ಹೊತ್ತುಕೊಂಡೇ ಹೋದರು. ಹೊರುವವರ ಕಾಲು ಜಾರೀತೆಂದು ಯಾರೋ ರ‍್ಯಾಂಪನ್ನು ಪಕ್ಕಕ್ಕೆ ಸರಿಸಿದ್ದರು. ಎಲ್ಲ ಮುಗಿದ ಮೇಲೆ ಮೇಷ್ಟ್ರು ಅದನ್ನು ಮತ್ತೆ ಬಾಗಿಲಿಗೆ ಜೋಡಿಸಿದರು. ಗಾಲಿ ಕುರ್ಚಿ ಮನೆಯಲ್ಲಿ ಇರಲಿಲ್ಲ, ಆದರೂ ತೆಗೆಯಲಿಲ್ಲ.

ಭಾನುವಾರದ ಕ್ಲಾಸು ನಡೆಯುತ್ತಲೇ ಇತ್ತು. ನಮಗೆ ಟ್ಯೂಷನ್ ಶುರುವಾಯಿತು, ನಮ್ಮ ಜಾಗಕ್ಕೆ ಚಿಕ್ಕವರು ಬಂದರು. ಗೆರೆಯ ಪಾಠಕ್ಕೆ ಮಾತ್ರ ಮೇಷ್ಟ್ರು ಇನ್ನೊಂದು ಮಾತು ಸೇರಿಸಿದ್ದರು: ಹಲಗೆಗಳನ್ನು ಜೋಡಿಸುವ ಮೊದಲು ಬಾಗಿಲಿಗೆ ಹಿಡಿದು ನೋಡಿ. ಹತಾರದ ಪೂಜೆಯಲ್ಲೂ ಒಂದು ಬದಲಾವಣೆ ಆಗಿತ್ತು. ಎಲ್ಲವನ್ನೂ ಸಾಲಾಗಿ ಇಟ್ಟು ಹೂ ಮುಡಿಸುತ್ತಿದ್ದರು, ತೋಪಡ ಒಂದನ್ನು ಬಿಟ್ಟು. ಅದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಅಲಗು ಸಾಣೆ ಹಿಡಿದು, ಸಿದ್ಧವಾಗಿ ಇರುತ್ತಿತ್ತು. ಏಕೆಂದು ಕೇಳಿದ್ದೆ. "ಯಾರ ಮನೆ ಬಾಗಿಲಲ್ಲಿ ಏನು ಸಿಕ್ಕಾಕ್ಕೊಂಡಿರುತ್ತೋ… ಒಂದಾದ್ರೂ ಹೊರಗಿರ್ಲಿ" ಎಂದಿದ್ದರು.

ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಮೇಷ್ಟ್ರು ಹೋದರು. ಅಕ್ಕ ಒಂದು ದಿನ ಪಂಚೆಯ ತುಂಡಿನಲ್ಲಿ ಸುತ್ತಿದ್ದನ್ನು ತಂದುಕೊಟ್ಟು, "ನಿಂಗೇ ಕೊಡಕ್ಕೆ ಹೇಳಿದ್ರು ಕಣಮ್ಮ" ಎಂದರು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಶೆಡ್ಡಿನಲ್ಲಿ ಕಾರು ನಿಂತಿದೆ. ಬಾಗಿಲಿಗೆ ಗ್ರಾನೈಟಿನ ಮೆಟ್ಟಿಲು ಬಂದಿದೆ. ರ‍್ಯಾಂಪು ಏನಾಯಿತೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಅಮ್ಮನ ಪೂಜೆ ಮುಗಿದ ಮೇಲೆ ತೋಪಡದ ಅಲಗು ಬಿಚ್ಚಿ ಸಾಣೆ ಹಿಡಿದೆ, ಮತ್ತೆ ಸೇರಿಸಿ ಬೀದಿಗೆ ಕಾಣುವ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಸಂಜೆಯವರೆಗೂ ಬೀದಿಯಲ್ಲಿ ಬೂದುಗುಂಬಳ ಒಡೆಯುವ ಸದ್ದು ಕೇಳುತ್ತಿತ್ತು. ಈಗ ಇವತ್ತಿನ ಪುಟ ಬರೆಯುತ್ತಿದ್ದೇನೆ. ಹೋದ ವರ್ಷ ಬರೆದದ್ದನ್ನೇ ಬರೆದೆ: ತೋಪಡ ಹೊರಗಿತ್ತು. ಯಾರೂ ಬರಲಿಲ್ಲ.